ರಾತ್ರಿ ತಿರುಗಾಟಕ್ಕೆ ಯಾವ ಪುಟ್ಟ ಕ್ಯಾಮೆರಾ, ಯಾವ ಮೈಕ್?

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಎಲ್ಲ ಕ್ಯಾಮೆರಾಗಳೂ ಚೆನ್ನಾಗೇ ತೆಗೆಯುತ್ತವೆ. ತಲೆಯ ಮೇಲೆ ಸಾಲುಸಾಲು ಎಲ್‌ಇಡಿ ದೀಪ, ಎಸಿಯ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಅದೇ ಕ್ಯಾಮೆರಾವನ್ನು ಕರಗದ ರಾತ್ರಿ ತಿಗಳರಪೇಟೆಯ ಗಲ್ಲಿಗೆ ಒಯ್ಯಿರಿ. ಇಲ್ಲವೇ ದಕ್ಷಿಣ ಕನ್ನಡದಲ್ಲಿ ಗದ್ದೆಗೆ ಪೆಂಡಾಲ್ ಹಾಕಿ ನಡೆಸುವ ಯಕ್ಷಗಾನ ಬಯಲಾಟಕ್ಕೆ ಒಯ್ಯಿರಿ. ಅದರ ಬಂಡವಾಳ ಆಗ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ವಿಡಿಯೊ ಮಾಡುವವರು ಮೊದಲು ಮೈಕ್ ಯಾವುದೆಂದು ನಿರ್ಧರಿಸಬೇಕು, ಆಮೇಲೆ ಕ್ಯಾಮೆರಾ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ಇರೋ ದುಡ್ಡನ್ನೆಲ್ಲ ಕ್ಯಾಮೆರಾಗೆ ಸುರಿದು, ಕೊನೆಗೆ ಉಳಿದ ಚಿಲ್ಲರೆಯಲ್ಲಿ ಮೈಕ್ ತರುತ್ತಾರೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಂಡರೆ ನೋಡುವವರು ರಾತ್ರಿ ಅಲ್ವಾ ಅಂತ ಸುಮ್ಮನಾಗುತ್ತಾರೆ. ಮಾತು ಕೇಳದಿದ್ದರೆ, ಚಂಡೆಯ ಪೆಟ್ಟಿಗೆ ಸದ್ದು ಹರಿದುಹೋದರೆ ಮುಂದಿನ ವಿಡಿಯೊಗೆ ಹೋಗುತ್ತಾರೆ.

ಹಾಗಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು ಇಷ್ಟು. ನೀವು ಹೋಗುವ ರಾತ್ರಿ ಎಂಥದ್ದು? ವಿ.ವಿ. ಪುರದ ತಿಂಡಿ ಬೀದಿಯಲ್ಲಿ ನಡೆಯುತ್ತಾ ಮಾತಾಡುವುದಾ? ಬಸವನಗುಡಿಯ ಕಡಲೆಕಾಯಿ ಪರಿಷೆಯ ಜನಜಂಗುಳಿಯಲ್ಲಿ ತಿರುಗುವುದಾ? ಒಂದೇ ಕಡೆ ಕೂತು ಎರಡು ಮೂರು ಗಂಟೆ ರಂಗಸ್ಥಳವನ್ನು ತೆಗೆಯುವುದಾ? ಈ ಮೂರಕ್ಕೂ ಒಂದೇ ಕ್ಯಾಮೆರಾ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೆಳಕಿನ ಲೆಕ್ಕ

ಕತ್ತಲಲ್ಲಿ ಕ್ಯಾಮೆರಾಗೆ ಬೇಕಾದ್ದು ಎರಡು: ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್), ಜಾಸ್ತಿ ಬೆಳಕು ಒಳಗೆ ಬಿಡುವ ಲೆನ್ಸ್. ಮೆಗಾಪಿಕ್ಸೆಲ್ ಎಷ್ಟೆಂದು ನೋಡಲೇಬೇಡಿ.

ಜೇಬಿಗೆ ಹಿಡಿಸುವ ಕ್ಯಾಮೆರಾಗಳಲ್ಲಿ ಈಗ ಒಳ್ಳೆಯದೆನ್ನುವುದು 1 ಇಂಚಿನ ಸೆನ್ಸರ್. ಅದರ ನಿಜವಾದ ಅಳತೆ 13.2 × 8.8 ಮಿ.ಮೀ. ಡಿಜೆಐ ಓಸ್ಮೊ ಪಾಕೆಟ್ 3, ಸೋನಿ ಜಡ್‌ವಿ-1, ಕ್ಯಾನನ್ ಪವರ್‌ಶಾಟ್ ವಿ10, ಮೂರರಲ್ಲೂ ಇದೇ ಅಳತೆಯ ಸೆನ್ಸರ್ ಇದೆ. ಡಿಜೆಐ ಓಸ್ಮೊ ಆ್ಯಕ್ಷನ್ 5 ಪ್ರೊನಲ್ಲಿರುವುದು 1/1.3 ಇಂಚಿನದು. ಗೋಪ್ರೊ ಹೀರೊ 13 ಬ್ಲ್ಯಾಕ್‌ನಲ್ಲಿ ಇನ್ನೂ ಚಿಕ್ಕದು, 1/1.9 ಇಂಚು. ಹಗಲಲ್ಲಿ ಈ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. ಬೀದಿದೀಪದ ಕೆಳಗೆ ಹುಡುಕಬೇಕಾಗಿಯೇ ಇಲ್ಲ.

ಲೆನ್ಸ್ ಮೇಲೆ ಎಫ್/1.8, ಎಫ್/2.8 ಅಂತ ಬರೆದಿರುತ್ತದೆ. ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಎಫ್/2.8 ಬಿಡುವುದಕ್ಕಿಂತ ಎಫ್/1.8 ಸುಮಾರು 2.4 ಪಟ್ಟು ಹೆಚ್ಚು ಬೆಳಕು ಬಿಡುತ್ತದೆ. ಜಡ್‌ವಿ-1ರದ್ದು ಎಫ್/1.8ರಿಂದ 2.8, ಪಾಕೆಟ್ 3ರದ್ದು ಎಫ್/2.0, ವಿ10ರದ್ದು ಎಫ್/2.8. ವಿ10 ಇಲ್ಲೇ ಹಿಂದೆ ಬೀಳುತ್ತದೆ. ಅದಕ್ಕೆ ಅಂಟಿಕೊಂಡೇ ಇರುವ ಪುಟ್ಟ ಸ್ಟ್ಯಾಂಡ್ ಮಾತ್ರ ನನಗೆ ಬಹಳ ಇಷ್ಟ, ಹೋಟೆಲ್ ಟೇಬಲ್ ಮೇಲೆ ಹಾಗೇ ನಿಲ್ಲುತ್ತದೆ. ಆದರೆ ರಾತ್ರಿಗೆಂದೇ ತೆಗೆದುಕೊಳ್ಳುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಇಷ್ಟೇ ನೋಡಿದರೆ ಸೋನಿ ಗೆದ್ದಂತೆ. ಆದರೆ ನಡೆಯಲು ಶುರುಮಾಡಿದ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ.

ನಡೆಯುತ್ತಾ ತೆಗೆಯುವವರು ಇದನ್ನು ಓದಲೇಬೇಕು

ಕೈ ನಡುಕವನ್ನು ಕ್ಯಾಮೆರಾ ಎರಡು ರೀತಿ ಸರಿಮಾಡುತ್ತದೆ. ಒಂದು, ಲೆನ್ಸನ್ನೇ ಮೋಟಾರುಗಳ ಮೇಲೆ ಕೂರಿಸಿ, ಕೈ ಅಲುಗಿದರೂ ಲೆನ್ಸ್ ಅಲುಗದಂತೆ ನೋಡಿಕೊಳ್ಳುವುದು. ಇದು ಗಿಂಬಲ್, ಪಾಕೆಟ್ 3ರಲ್ಲಿರುವುದು ಇದೇ. ಇನ್ನೊಂದು, ಚಿತ್ರ ತೆಗೆದ ಮೇಲೆ ಅದರ ಅಂಚು ಕತ್ತರಿಸಿ, ಒಂದೊಂದು ಫ್ರೇಮನ್ನೂ ಆಚೀಚೆ ಸರಿಸಿ ಕೂರಿಸುವುದು. ಇದು ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್. ಗೋಪ್ರೊ, ಆ್ಯಕ್ಷನ್ 5 ಪ್ರೊ ಇದನ್ನೇ ಮಾಡುತ್ತವೆ. 2023ರಲ್ಲಿ ಬಂದ ಜಡ್‌ವಿ-1 ಮಾರ್ಕ್ 2 ಕೂಡ ಅಷ್ಟೇ. ಹಳೆಯ ಜಡ್‌ವಿ-1ರಲ್ಲಿ ಲೆನ್ಸ್ ಒಳಗೂ ಒಂದಿಷ್ಟು ಸ್ಥಿರತೆ ಇತ್ತು. ಹೊಸದರಲ್ಲಿ ಅದನ್ನು ತೆಗೆದರು.

ಹಗಲಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ರಾತ್ರಿ ಹಾಗಲ್ಲ. ಬೆಳಕು ಕಡಿಮೆ ಇದ್ದಾಗ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು. 1/50 ಸೆಕೆಂಡ್ ಅಂದುಕೊಳ್ಳಿ. ಅಷ್ಟರಲ್ಲಿ ನಿಮ್ಮ ಹೆಜ್ಜೆ ಬಿದ್ದು ಕೈ ಅದುರಿದರೆ ಆ ಫ್ರೇಮ್ ಮಸುಕಾಗಿಯೇ ದಾಖಲಾಗುತ್ತದೆ. ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್ ಫ್ರೇಮನ್ನು ಸರಿಯಾದ ಜಾಗಕ್ಕೆ ತಂದು ಕೂರಿಸುತ್ತದೆ ನಿಜ, ಆದರೆ ಮಸುಕನ್ನು ತೆಗೆಯಲು ಅದಕ್ಕಾಗುವುದಿಲ್ಲ. ಹಾಗಾಗಿ ನಿಂತಲ್ಲೇ ನಿಂತ ಚಿತ್ರದಲ್ಲಿ ದೀಪಗಳು ಮಾತ್ರ ಹೆಜ್ಜೆ ಹೆಜ್ಜೆಗೂ ಜುಂಯ್ ಜುಂಯ್ ಅಂತ ಉದ್ದವಾಗುತ್ತವೆ. ಅಂಗಡಿ ಬೋರ್ಡುಗಳು ಮಿಡಿಯುತ್ತವೆ. ಕಣ್ಣಿಗೆ ಬಹಳ ಹಿಂಸೆ. ಗಿಂಬಲ್‌ನಲ್ಲಿ ಲೆನ್ಸೇ ಅಲುಗದ ಕಾರಣ ಈ ತೊಂದರೆ ತೀರಾ ಕಡಿಮೆ.

ರಾತ್ರಿ ಬೀದಿಗೆ ನಾನು ಓಸ್ಮೊ ಪಾಕೆಟ್ 3 ಹೇಳುವುದು ಇದೊಂದೇ ಕಾರಣಕ್ಕೆ. 2023ರ ಅಕ್ಟೋಬರ್‌ನಲ್ಲಿ ಬಂದದ್ದು, ತೂಕ 179 ಗ್ರಾಂ. 2 ಇಂಚಿನ ಪರದೆಯನ್ನು ಅಡ್ಡ ತಿರುಗಿಸಿದರೆ ಕ್ಯಾಮೆರಾ ಆನ್ ಆಗುತ್ತದೆ. ತವೆ ಮೇಲಿನ ದೋಸೆಗೆ ತುಪ್ಪ ಸುರಿಯುವ ಗಳಿಗೆ ಕಾಯುವುದಿಲ್ಲವಲ್ಲ, ಅಂಥಲ್ಲಿ ಇದು ಉಪಯೋಗ. ಇದರ ಕೊರತೆ ದೊಡ್ಡದು: ಆಪ್ಟಿಕಲ್ ಜೂಮ್ ಇಲ್ಲ. 20 ಮಿ.ಮೀ. ಲೆನ್ಸಿನ ಅಗಲ ನೋಟ ಅಷ್ಟೇ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ದೂರದ ವೇದಿಕೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತದೆ. ಮಳೆಯೂ ಆಗಿಬರುವುದಿಲ್ಲ, ಮೋಟಾರಿನ ಸಂದಿಗೆ ನೀರು ಹೋದರೆ ಕಥೆ ಮುಗಿಯಿತು.

ಮಳೆಗಾಲದಲ್ಲಿ ತಿರುಗುವವರಿಗೆ, ಬೈಕಿಗೆ ಕಟ್ಟುವವರಿಗೆ, ಕಂಬಳದ ಕರೆಯ (ಕೋಣ ಓಡುವ ಕೆಸರುಗದ್ದೆಯ) ಪಕ್ಕ ನಿಂತು ಕೆಸರುನೀರು ಎರಚಿಸಿಕೊಳ್ಳುವವರಿಗೆ ಆ್ಯಕ್ಷನ್ ಕ್ಯಾಮೆರಾವೇ ಸರಿ. ಆ್ಯಕ್ಷನ್ 5 ಪ್ರೊ ಕೇಸ್ ಇಲ್ಲದೆ 20 ಮೀಟರ್ ಆಳದವರೆಗೆ, ಗೋಪ್ರೊ 10 ಮೀಟರ್‌ವರೆಗೆ ನೀರು ತಡೆಯುತ್ತವೆ. ಎರಡರಲ್ಲಿ ರಾತ್ರಿಗೆ ಡಿಜೆಐ ವಾಸಿ. ಫ್ಲಡ್‌ಲೈಟ್ ಇರುವ ಕಂಬಳದಲ್ಲಿ ಇವು ಸಲೀಸಾಗಿ ಕೆಲಸ ಮಾಡುತ್ತವೆ, ಬೆಳಕು ಧಾರಾಳವಾಗಿರುತ್ತದೆ. ಬರೀ ಬೀದಿದೀಪ ಇರುವ ಗಲ್ಲಿಯಲ್ಲಿ ಮೇಲೆ ಹೇಳಿದ ಜುಂಯ್ ಜುಂಯ್ ತಪ್ಪಿದ್ದಲ್ಲ.

ಇನ್ನು ಫೋನ್. ಮೂರು ನಾಲ್ಕು ವರ್ಷದೊಳಗಿನ ದುಬಾರಿ ಫೋನ್ ನಿಮ್ಮಲ್ಲಿದ್ದರೆ, ಗೆಳೆಯರ ಜೊತೆಗಿನ ಊಟ, ಹುಟ್ಟುಹಬ್ಬ, ಮೈಸೂರಿನ ದಸರಾ ದೀಪ, ಇಷ್ಟಕ್ಕೆ ಹೊಸ ಕ್ಯಾಮೆರಾ ಬೇಡವೇ ಬೇಡ. ಮುಖ್ಯ ಲೆನ್ಸ್ ಒಂದನ್ನೇ ಬಳಸಿ. ಅಗಲದ ಲೆನ್ಸ್, ದೂರದ ಲೆನ್ಸ್ ಎರಡಕ್ಕೂ ಸಾಮಾನ್ಯವಾಗಿ ಚಿಕ್ಕ ಸೆನ್ಸರ್ ಇರುತ್ತದೆ, ಕತ್ತಲಲ್ಲಿ ಕೈಕೊಡುತ್ತವೆ. ಉಳಿದ ದುಡ್ಡಿಗೆ ಒಳ್ಳೆಯ ಮೈಕ್ ತನ್ನಿ.

ಮೈಕ್

ಕ್ಯಾಮೆರಾದೊಳಗಿನ ಮೈಕ್ ಯಾಕೆ ಸಾಲುವುದಿಲ್ಲ? ದೂರ. ತೆರೆದ ಜಾಗದಲ್ಲಿ ಮೈಕ್ ಮತ್ತು ಬಾಯಿಯ ನಡುವಿನ ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಅಂಗಿಗೆ ಸಿಕ್ಕಿಸಿದ ಮೈಕ್ ಬಾಯಿಂದ ಒಂದು ಗೇಣು, ಅಂದರೆ ಸುಮಾರು 20 ಸೆಂ.ಮೀ. ಕೆಳಗಿರುತ್ತದೆ. ಕೈ ಚಾಚಿ ಹಿಡಿದ ಕ್ಯಾಮೆರಾ 80 ಸೆಂ.ಮೀ. ದೂರ. ಅಲ್ಲೇ 12 ಡೆಸಿಬೆಲ್ ಹೋಯಿತು. ಸುತ್ತಲಿನ ಗದ್ದಲ ಮಾತ್ರ ಎರಡೂ ಕಡೆ ಒಂದೇ. ಎಷ್ಟೇ ದುಬಾರಿ ಕ್ಯಾಮೆರಾ ಕೊಂಡರೂ ಈ ಲೆಕ್ಕ ಬದಲಾಗುವುದಿಲ್ಲ.

ಮಾತಾಡುವವರಿಗೆ ಮೂರು ದಾರಿ ಇವೆ.

ತೀರಾ ಅಗ್ಗದ್ದು ತಂತಿಯ ಕಾಲರ್ ಮೈಕ್. ಬೋಯಾ ಬಿವೈ-ಎಂ1 ಥರದ್ದು, ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ತಂತಿ ಉದ್ದ ಇರುತ್ತದೆ, ಸದ್ದು ಚೆನ್ನಾಗೇ ಬರುತ್ತದೆ. ಪರಿಷೆಯ ನೂಕುನುಗ್ಗಲಿನಲ್ಲಿ ಯಾರದೋ ಚೀಲಕ್ಕೆ ತಂತಿ ಸಿಕ್ಕಿಕೊಂಡರೆ ಮೈಕೂ ಹೋಯಿತು, ಫೋನೂ ಹೋಯಿತು. ಕೂತು ಮಾತಾಡುವವರಿಗೆ ಮಾತ್ರ ಇದು.

ಎರಡನೆಯದು ಕ್ಯಾಮೆರಾ ತಲೆಯ ಮೇಲೆ ಕೂರುವ ಪುಟ್ಟ ಮೈಕ್, ರೋಡ್ ಕಂಪನಿಯ ವಿಡಿಯೊಮೈಕ್ರೊ ಥರದ್ದು. ಬ್ಯಾಟರಿ ಬೇಡ, ಕ್ಯಾಮೆರಾದಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. ಮುಂದಿನ ಸದ್ದನ್ನು ಜಾಸ್ತಿ, ಹಿಂದಿನದನ್ನು ಕಡಿಮೆ ಹಿಡಿಯುತ್ತದೆ. ಇದರಿಂದ ದೂರದ ಮಾತು ಹತ್ತಿರ ಬರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಬರುವುದಿಲ್ಲ. ಮುಂದೆ ನಿಂತವರ ಹಿಂದೆ ಸ್ಪೀಕರ್ ಬಾಕ್ಸ್ ಇದ್ದರೆ ಅದನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ. ಬೀದಿಯ ಒಟ್ಟು ಸದ್ದಿಗೆ, ಎಣ್ಣೆಯ ಚುಂಯ್, ಮಾರುವವರ ಕೂಗು, ಇಂಥದ್ದಕ್ಕೆ ಚೆನ್ನಾಗಿದೆ.

ಮೂರನೆಯದು ವೈರ್‌ಲೆಸ್. ಇಲ್ಲಿ ಹೋಲಿಸಬೇಕಾದ್ದು ಡಿಜೆಐ ಮೈಕ್ ಮಿನಿ, ಡಿಜೆಐ ಮೈಕ್ 2, ರೋಡ್ ವೈರ್‌ಲೆಸ್ ಗೋ 2. ಸದ್ದಿನ ಗುಣದಲ್ಲಿ ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸ ಇವುಗಳಲ್ಲಿಲ್ಲ. ಒಂದೇ ಒಂದು ವಿಷಯ ನೋಡಿ: ಅಂಗಿಗೆ ಸಿಕ್ಕಿಸುವ ತುಂಡಿನೊಳಗೇ ರೆಕಾರ್ಡಿಂಗ್ ಆಗುತ್ತದಾ ಇಲ್ಲವಾ?

ಮೈಕ್ ಮಿನಿ ಬರೀ 10 ಗ್ರಾಂ, ತೆಳು ಜುಬ್ಬಾ ಹಾಕಿದರೂ ಜಗ್ಗುವುದಿಲ್ಲ. ಆದರೆ ಒಳಗೆ ರೆಕಾರ್ಡಿಂಗ್ ಇಲ್ಲ. ಮೈಕ್ 2ರಲ್ಲಿ 8 ಜಿಬಿ ಜಾಗ ಇದೆ, ಸುಮಾರು 14 ಗಂಟೆ ಹಿಡಿಸುತ್ತದೆ. ಗೋ 2ರಲ್ಲೂ ಒಳಗೇ ದಾಖಲಾಗುತ್ತದೆ. ಇದು ಯಾಕೆ ಬೇಕು ಅಂದರೆ, ಇವೆಲ್ಲ 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ವೈಫೈ, ಬ್ಲೂಟೂತ್ ಎಲ್ಲ ಇರುವುದೂ ಅಲ್ಲೇ. ಮೇಲಾಗಿ ಮನುಷ್ಯನ ಮೈ ಅಂದರೆ ಹೆಚ್ಚಿನಂಶ ನೀರು, ಆ ತರಂಗವನ್ನು ಚೆನ್ನಾಗಿ ನುಂಗುತ್ತದೆ. ಪೆಟ್ಟಿಗೆಯ ಮೇಲೆ ನೂರಾರು ಮೀಟರ್ ಅಂತ ಬರೆದಿರುವುದು ಬಯಲಿನ ಲೆಕ್ಕ. ಕರಗ ಹೊರಡುವ ಹೊತ್ತಿಗೆ ಧರ್ಮರಾಯನ ಗುಡಿಯ ಮುಂದೆ ಸೇರುವ ಜನರ ನಡುವೆ ಹತ್ತು ಹೆಜ್ಜೆಯಲ್ಲೇ ಮಾತು ತುಂಡುತುಂಡಾಗಬಹುದು. ಒಳಗೆ ದಾಖಲಾಗಿದ್ದರೆ ಮನೆಗೆ ಬಂದು ಜೋಡಿಸಿಕೊಳ್ಳಬಹುದು.

ಹಾಗಾಗಿ ಜನಸಂದಣಿಗೆ ಮೈಕ್ 2 ಅಥವಾ ಗೋ 2. ಒಬ್ಬರೇ ಹೋಗುವವರು, ಕ್ಯಾಮೆರಾ ಕೈಯಳತೆಯಲ್ಲೇ ಇರುವವರು ಮೈಕ್ ಮಿನಿಯಲ್ಲೇ ಖುಷಿಯಾಗಿರಬಹುದು. ಪಾಕೆಟ್ 3, ಆ್ಯಕ್ಷನ್ 5 ಪ್ರೊ ಎರಡಕ್ಕೂ ಡಿಜೆಐ ಮೈಕುಗಳು ರಿಸೀವರ್ (ಮೈಕಿನ ಸದ್ದು ಹಿಡಿದು ಕ್ಯಾಮೆರಾಗೆ ಕೊಡುವ ತುಂಡು) ಇಲ್ಲದೆ ನೇರ ಜೋಡಣೆಯಾಗುತ್ತವೆ. ಇದು ಚಿಕ್ಕ ಅನುಕೂಲ ಅಲ್ಲ. ರಿಸೀವರ್, ಅದರ ತಂತಿ, ಅದರ ಚಾರ್ಜ್, ಮೂರೂ ತಲೆನೋವು ಹೋಯಿತು. ಪಾಕೆಟ್ 3ರ ಕ್ರಿಯೇಟರ್ ಕಾಂಬೊ ತೆಗೆದುಕೊಂಡರೆ ಮೈಕ್ 2ರ ಒಂದು ತುಂಡು ಅದರಲ್ಲೇ ಬರುತ್ತದೆ.

32 ಬಿಟ್ ಫ್ಲೋಟ್ ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಮೈಕ್ 2ರಲ್ಲಿ ಅದು ಇದೆ. ಆದರೆ ಅದು ಮೈಕ್‌ನೊಳಗೆ ದಾಖಲಾಗುವ ಫೈಲಿಗೆ ಮಾತ್ರ, ಗಾಳಿಯಲ್ಲಿ ಪಾಕೆಟ್ 3ಕ್ಕೆ ಹೋಗುವ ಸದ್ದಿಗಲ್ಲ. ಉಪಯೋಗ ನಿಜವಾದದ್ದೇ: ಲೆವೆಲ್ ತಪ್ಪಿದ್ದರೂ ಆಮೇಲೆ ಇಳಿಸಿಕೊಳ್ಳಬಹುದು. ಆದರೆ ಸದ್ದಿನ ಹೊಡೆತಕ್ಕೆ ಮೈಕಿನ ಪೊರೆಯೇ ತಡೆಯಲಾರದೆ ಹೋದರೆ ಯಾವ ಬಿಟ್ಟೂ ಉಳಿಸುವುದಿಲ್ಲ. ಡಿಜೆ ಬಾಕ್ಸ್ ಎದುರು ನಿಂತು ಇದನ್ನು ಪರೀಕ್ಷೆ ಮಾಡಬೇಡಿ.

ಗಾಳಿ ತಡೆಯುವ ತುಪ್ಪಳದ ಟೋಪಿ ಪೆಟ್ಟಿಗೆಯಲ್ಲೇ ಬರುತ್ತದೆ. ನೋಡಲು ಇಲಿಮರಿ ಅಂಟಿಸಿಕೊಂಡ ಹಾಗಿರುತ್ತದೆ ಅಂತ ಹುಡುಗರು ತೆಗೆದಿಡುತ್ತಾರೆ. ಪಣಂಬೂರು ಬೀಚಿನ ಗಾಳಿಗೆ ಒಂದು ಸಲ ಟೋಪಿ ಇಲ್ಲದೆ ಮಾತಾಡಿ ನೋಡಿ, ಆಮೇಲೆ ನೀವಾಗಿಯೇ ಹಾಕಿಕೊಳ್ಳುತ್ತೀರಿ.

ಆಟ ತೆಗೆಯುವುದಾದರೆ ಲೆಕ್ಕವೇ ಬೇರೆ

ಯಕ್ಷಗಾನ, ನಾಟಕ, ಆರ್ಕೆಸ್ಟ್ರಾ, ರಾತ್ರಿ ಸಂಗೀತ. ಇಲ್ಲಿ ನೀವು ನಡೆಯುವುದಿಲ್ಲ, ಕೂರುತ್ತೀರಿ. ಗಿಂಬಲ್ ದಂಡ. ಬೇಕಾಗಿರುವುದು ಸ್ಟ್ಯಾಂಡ್, ಜೂಮ್, ಗಂಟೆಗಟ್ಟಲೆ ಓಡುವ ಬ್ಯಾಟರಿ.

ಸೋನಿ ಜಡ್‌ವಿ-1ರಲ್ಲಿ 24–70 ಮಿ.ಮೀ. ಜೂಮ್ ಇದೆ. ಮುಂದಿನ ಸಾಲುಗಳಲ್ಲಿ ಕೂತರೆ ಸಾಕು. ಆರ್‌ಎಕ್ಸ್100 ಮಾರ್ಕ್ 7ರಲ್ಲಿ 24–200 ಮಿ.ಮೀ., ಮೈಕ್ ತೂತೂ ಇದೆ. ಸೆನ್ಸರ್ ಅದೇ 1 ಇಂಚಿನದು, ಲೆನ್ಸ್ ಮಾತ್ರ ಎಫ್/2.8ರಿಂದ 4.5. ರಂಗಸ್ಥಳದ ಬೆಳಕಿಗೆ ಪರವಾಗಿಲ್ಲ. ಎರಡರದ್ದೂ ಕಷ್ಟ ಬ್ಯಾಟರಿ ಮತ್ತು ಬಿಸಿ. ಎನ್‌ಪಿ-ಬಿಎಕ್ಸ್1 ಬ್ಯಾಟರಿ ಪುಟ್ಟದು, ಜಡ್‌ವಿ-1ರಲ್ಲಿ ಮುಕ್ಕಾಲು ಗಂಟೆ ಬಾಳಿದರೆ ಪುಣ್ಯ. ಬಿಸಿಯಾದರೆ ಆಫ್ ಆಗುವ ಮಿತಿಯನ್ನು ಮೆನುವಿನಲ್ಲಿ ‘ಹೈ’ ಅಂತ ಇಡದಿದ್ದರೆ 4ಕೆಯಲ್ಲಿ ಬೇಗ ನಿಂತುಬಿಡುತ್ತವೆ. ಪವರ್ ಬ್ಯಾಂಕ್ ಕಟ್ಟಿ, 1080ಪಿಯಲ್ಲಿ ತೆಗೆಯಿರಿ.

ಹಳೆಯ ಕಾಲದ್ದು ಅಂತ ಮೂಗು ಮುರಿಯದಿದ್ದರೆ ಹ್ಯಾಂಡಿಕ್ಯಾಮ್ ಈ ಕೆಲಸಕ್ಕೆ ಈಗಲೂ ಒಳ್ಳೆಯದು. ಸೋನಿ ಎಫ್‌ಡಿಆರ್-ಎಎಕ್ಸ್43ರಲ್ಲಿ 20 ಪಟ್ಟು ಆಪ್ಟಿಕಲ್ ಜೂಮ್ ಇದೆ. ಸೆನ್ಸರ್ ಚಿಕ್ಕದು, ಬೀದಿಯ ಕತ್ತಲಿಗೆ ಆಗದು. ಆದರೆ ರಂಗಸ್ಥಳದಲ್ಲಿ ಬೆಳಕಿರುತ್ತದೆ. ಹಿಂದಿನ ಸಾಲಿನಿಂದಲೂ ಭಾಗವತರ ಮುಖ ತುಂಬಿಬರುತ್ತದೆ.

ಯಾವುದೇ ಕ್ಯಾಮೆರಾ ಇರಲಿ, ಎಕ್ಸ್‌ಪೋಷರ್ ಲಾಕ್ ಮಾಡುವ (ಚಿತ್ರದ ಬೆಳಕಿನ ಮಟ್ಟ ತಾನಾಗಿ ಬದಲಾಗದಂತೆ ಕಟ್ಟಿಹಾಕುವ) ಸೌಲಭ್ಯ ಕೈಗೆ ಸುಲಭವಾಗಿ ಸಿಗುತ್ತದಾ ಅಂತ ಕೊಳ್ಳುವ ಮುಂಚೆ ನೋಡಿ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಸಭೆಯ ನಡುವಿನಿಂದ ಬರುತ್ತಾನೆ. ಅಕ್ಕಪಕ್ಕ ದೀವಟಿಗೆ ಹಿಡಿದವರು. ರಾಳದ ಪುಡಿ ಎರಚಿದ ತಕ್ಷಣ ಬೆಂಕಿ ಭಗ್ಗೆಂದು ಆಳೆತ್ತರ ಏಳುತ್ತದೆ. ಆಟೊದಲ್ಲಿಟ್ಟ ಕ್ಯಾಮೆರಾ ಬೆದರಿ ಇಡೀ ಚಿತ್ರವನ್ನೇ ಕಪ್ಪು ಮಾಡುತ್ತದೆ, ಬೆಂಕಿ ಇಳಿದಾಗ ಮತ್ತೆ ನಿಧಾನಕ್ಕೆ ಬೆಳ್ಳಗೆ ಮಾಡುತ್ತದೆ. ನೋಡಬೇಕಾದ ಬಣ್ಣದ ವೇಷವೇ ಆ ಗಳಿಗೆ ಮಾಯ. ಮುಂಚೆಯೇ ಲಾಕ್ ಮಾಡಿಟ್ಟರೆ ಬೆಂಕಿ ಒಂದು ಕ್ಷಣ ಬಿಳಿಯಾಗುತ್ತದೆ, ವೇಷ ವೇಷವಾಗಿಯೇ ಇರುತ್ತದೆ.

ಸದ್ದಿಗೂ ಇದೇ ಕಾಯಿಲೆ. ಆಟೊ ಲೆವೆಲ್ ಇಟ್ಟರೆ ಚಂಡೆ ಬಿದ್ದಾಗ ಸದ್ದು ಕುಗ್ಗುತ್ತದೆ, ನಿಂತಾಗ ಉಬ್ಬುತ್ತದೆ. ಪದ್ಯದ ಮೊದಲ ಅಕ್ಷರಗಳು ಆ ಸಂದಿಯಲ್ಲಿ ಕಳೆದುಹೋಗುತ್ತವೆ. ಆಟೊ ಆಫ್ ಮಾಡಿ, ಏರು ಚಂಡೆ ಬಂದಾಗಲೂ ಮೀಟರ್ ಕೆಂಪು ಮುಟ್ಟದಷ್ಟಕ್ಕೆ ಇಡಿ. ಇದಕ್ಕಿಂತ ಒಳ್ಳೆಯದು ಸದ್ದಿಗೇ ಬೇರೆ ರೆಕಾರ್ಡರ್ ಇಡುವುದು. ಜೂಮ್ ಎಂಬ ಕಂಪನಿಯ ಎಚ್1 ಎಸೆನ್ಷಿಯಲ್ 32 ಬಿಟ್ ಫ್ಲೋಟ್‌ನಲ್ಲಿ ದಾಖಲಿಸುತ್ತದೆ, ಲೆವೆಲ್ ಗುಂಡಿಯೇ ಇಲ್ಲ, ಮಾಮೂಲಿ ಸಣ್ಣ ಪೆನ್ಸಿಲ್ ಸೆಲ್ಲಿನಲ್ಲಿ (ಎಎಎ) ಓಡುತ್ತದೆ. ಸ್ಪೀಕರ್ ಬಾಕ್ಸಿನ ನೇರಕ್ಕಲ್ಲದೆ ಸ್ವಲ್ಪ ಪಕ್ಕಕ್ಕೆ, ಮುಂದಿನ ಸಾಲಿನ ಹತ್ತಿರ ಇಟ್ಟುಬಿಡಿ. ಮೈಕ್ ಸೆಟ್ಟಿನವರ ಪರಿಚಯ ಇದ್ದರೆ ಮಿಕ್ಸರ್‌ನಿಂದ ಒಂದು ಲೈನ್ ಕೇಳಬಹುದು, ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಆ ತಂತಿಯನ್ನು ಮಾತ್ರ ಕ್ಯಾಮೆರಾದ ಮೈಕ್ ತೂತಿಗೆ ನೇರ ಚುಚ್ಚಬೇಡಿ. ಲೈನ್ ಸಿಗ್ನಲ್ ಮೈಕಿನದಕ್ಕಿಂತ ಎಷ್ಟೋ ಜೋರಾಗಿರುತ್ತದೆ, ಬರೀ ಗರಗರ ಸಿಗುತ್ತದೆ. ಲೈನ್ ತೆಗೆದುಕೊಳ್ಳುವ ರೆಕಾರ್ಡರ್‌ಗೆ ಕೊಡಿ.

ಜೋಡಿಸುವಾಗ ಒಂದು ಗಮನದಲ್ಲಿರಲಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು 34 ಮೀಟರ್ ಹಿಂದೆ ಕೂತಿದ್ದರೆ ಕ್ಯಾಮೆರಾಗೆ ಸದ್ದು 0.1 ಸೆಕೆಂಡ್ ತಡವಾಗಿ ಮುಟ್ಟುತ್ತದೆ, ಅಂದರೆ ಎರಡೂವರೆ ಫ್ರೇಮ್. ಆದ್ದರಿಂದ ಕ್ಯಾಮೆರಾದ ಸದ್ದಿಗೆ ಹೊಂದಿಸಬೇಡಿ. ಚಂಡೆಯ ಕೋಲು ಬೀಳುವುದನ್ನು ಕಣ್ಣಲ್ಲಿ ನೋಡಿ ಹೊಂದಿಸಿ.

ಉಳಿದ ಸಣ್ಣಪುಟ್ಟವು

ನಮ್ಮ ಕರೆಂಟು 50 ಹರ್ಟ್ಸ್. ವಿದೇಶದಿಂದ ತಂದ ಕ್ಯಾಮೆರಾ ಕೆಲವೊಮ್ಮೆ ಎನ್‌ಟಿಎಸ್‌ಸಿಯಲ್ಲಿರುತ್ತದೆ (60 ಹರ್ಟ್ಸ್ ದೇಶಗಳ ವಿಡಿಯೊ ಪದ್ಧತಿ), ದೀಪಗಳು ಪಟಪಟ ಮಿನುಗುತ್ತವೆ. ಮೆನುವಿನಲ್ಲಿ ನಮ್ಮ 50 ಹರ್ಟ್ಸ್‌ನ ಪಾಲ್ ಪದ್ಧತಿಗೆ ಬದಲಿಸಿ, 25 ಫ್ರೇಮ್, ಶಟರ್ 1/50 ಇಡಿ. ಅಮೆರಿಕದಲ್ಲಿರುವವರಿಗೆ ಉಲ್ಟಾ: ಅಲ್ಲಿ 60 ಹರ್ಟ್ಸ್, ಹಾಗಾಗಿ 30 ಫ್ರೇಮ್, 1/60. ಕೆಲವು ಅಗ್ಗದ ಎಲ್‌ಇಡಿ ಪರದೆಗಳು ಯಾವುದಕ್ಕೂ ಬಗ್ಗುವುದಿಲ್ಲ, ಬಿಟ್ಟುಬಿಡಿ.

ಮೆಮೊರಿ ಕಾರ್ಡ್ ಮೇಲೆ ವಿ30 ಎಂಬ ವೇಗದ ಗುರುತು ಇರಲಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ. 128 ಜಿಬಿ ಕಾರ್ಡಿನಲ್ಲಿ ಮೂರು ಗಂಟೆಯೂ ಹಿಡಿಸುವುದಿಲ್ಲ. ಪಾಕೆಟ್ 3ರ ಬ್ಯಾಟರಿ 166 ನಿಮಿಷ ಅಂತ ಕಂಪನಿ ಹೇಳುವುದು 1080ಪಿ, 24 ಫ್ರೇಮಿಗೆ. 4ಕೆಯಲ್ಲಿ ಅಷ್ಟು ನಿರೀಕ್ಷೆ ಬೇಡ. ಕರಾವಳಿಯಲ್ಲಿ ಎಸಿ ಕಾರಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಹಬೆ ಕೂರುತ್ತದೆ, ಒರೆಸಿದರೆ ಮತ್ತೆ ಬರುತ್ತದೆ. ಹತ್ತು ಹದಿನೈದು ನಿಮಿಷ ಚೀಲದಲ್ಲೇ ಬಿಡಿ. ಭೂತಕೋಲಕ್ಕೆ ಹೋದರೆ ಮನೆತನದವರನ್ನು ಕೇಳದೆ ಕ್ಯಾಮೆರಾ ತೆಗೆಯಬೇಡಿ, ಎಷ್ಟೋ ಕಡೆ ಬಿಡುವುದಿಲ್ಲ. ಬಿಟ್ಟರೂ ಕ್ಯಾಮೆರಾ ಮೇಲಿನ ಲೈಟ್ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸಂಜೆ ಏಳರ ಮೇಲೆ ಹೋಗಿ. ಜಡ್‌ವಿ-1 ಆದರೆ ಲೆನ್ಸ್ ಮುಚ್ಚಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಒಂದು ನಿಮಿಷ ರೆಕಾರ್ಡ್ ಮಾಡಿ, ಕಪ್ಪಿನಲ್ಲಿ ಅಲ್ಲಾಡದ ಬಿಳಿ ಅಥವಾ ಕೆಂಪು ಚುಕ್ಕಿ ಇದ್ದರೆ ಸೆನ್ಸರ್‌ನಲ್ಲಿ ದೋಷ ಇರಬಹುದು. ಮೈಕ್ ತೂತಿಗೆ ಮೈಕ್ ಹಾಕಿ ತಂತಿ ಅಲುಗಿಸಿ, ಕರಕರ ಬಂದರೆ ತೂತು ಸಡಿಲ. ಪಾಕೆಟ್ 3 ಆದರೆ ಆನ್ ಮಾಡಿ, ತಲೆ ಎಡಬಲ ಮೇಲೆಕೆಳಗೆ ಸಲೀಸಾಗಿ ತಿರುಗುತ್ತದಾ, ನೆಟ್ಟಗೆ ನಿಲ್ಲುತ್ತದಾ ನೋಡಿ. ವಾಲಿ ನಿಂತರೆ ಒಮ್ಮೆ ಗಿಂಬಲ್ ಕ್ಯಾಲಿಬ್ರೇಷನ್ ಮಾಡಿಸಿ. ಆಮೇಲೂ ವಾಲಿದರೆ ಅದು ಯಾವಾಗಲೋ ಕೈಜಾರಿ ಬಿದ್ದಿರುವ ಸಾಧ್ಯತೆ ಜಾಸ್ತಿ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.